ಅಧ್ಯಕ್ಷರ ಸೀಟು

ಮಗುವಿನ ಉಬ್ಬಸ ಹೆಚ್ಚುತ್ತಲೇ ಇತ್ತು. ಡ್ಯೂಟಿಗೆ ಹೋದ ಗಂಡನ ಫೋನು ಬೆಳಿಗ್ಗೆಯಿಂದ ಸ್ವಿಚ್ ಆಫ್. ಆಸ್ಪತ್ರೆಯ ಬೋರ್ಡು ರಸ್ತೆಯ ಆಚೆಗೇ ಕಾಣುತ್ತಿತ್ತು, ಆದರೆ ನಡುವೆ ಬ್ಯಾರಿಕೇಡು ಹಾಕಿದ್ದರು. ಅವಳು ಮಗುವನ್ನೆತ್ತಿಕೊಂಡು ಆಟೊದಿಂದ ಇಳಿದು, ಅಲ್ಲಿ ನಿಂತಿದ್ದ ಪೊಲೀಸಿನವನ ಹತ್ತಿರ ಓಡಿದಳು.

“ಅಣ್ಣಾ, ಒಂದೇ ಓಟ, ದಾಟಿಬಿಡ್ತೀನಿ. ಮಗೂಗೆ ಉಸಿರು ಸಿಗ್ತಿಲ್ಲ.”

“ಆಗಲ್ಲಮ್ಮ. ವಿದೇಶದ ಅಧ್ಯಕ್ಷರ ಕಾರು ಬರ್ತಿದೆ.”

“ಅವರು ಬರೋದು ನಾಳೆ ಅಂತ ಟೀವೀಲಿ ಹೇಳಿದ್ರಲ್ಲ?”

ಅವನು ದನಿ ತಗ್ಗಿಸಿದ. “ನಾಳೆನೇ. ಇವತ್ತು ರಿಹರ್ಸಲ್. ಅವರ ಸೀಟಲ್ಲಿ ನಮ್ಮೋರನ್ನೇ ಯಾರನ್ನೋ ಕೂರಿಸ್ಕೊಂಡು ಬರ್ತಾರೆ.”

“ಡೂಪ್ಲಿಕೇಟ್ ಅಧ್ಯಕ್ಷನಿಗೋಸ್ಕರ ನನ್ನ ಮಗು ಸಾಯ್ಬೇಕಾ?”

“ನನ್ನ ಕೈಲಿದ್ದಿದ್ರೆ ಬಿಟ್ಟೇಬಿಡ್ತಿದ್ದೆ ತಾಯಿ. ಅಲ್ಲಿ ಸಾಹೇಬ್ರು ನೋಡ್ತಾ ನಿಂತಿದಾರೆ. ಬಿಟ್ರೆ ನನ್ನ ಕೆಲಸ ಹೋಗುತ್ತೆ.” ಅವನು ತನ್ನ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟ. “ಎರಡು ಗುಟುಕು ಕುಡಿಸು.”

“ಥೂ! ಆ ಸೀಟಲ್ಲಿ ಕೂತೋನಿಗೆ ಮಕ್ಕಳು ಮರಿ ಇಲ್ವಾ?”

“ಇರ್ತಾವಮ್ಮ. ಅವನಿಗೂ ಕೂತ್ಕೋ ಅಂತ ಆರ್ಡರ್ ಆಗಿರುತ್ತೆ.”

ಸೈರನ್ ಕೇಳಿಸಿತು. ಅವನು ತಿರುಗಿ ಎದೆ ಸೆಟೆಸಿ ಸೆಲ್ಯೂಟ್ ಹೊಡೆದ. ಕಪ್ಪು ಕಾರುಗಳು ಸಾಲಾಗಿ ಬಂದವು. ನಡುವಿನ ಕಾರಿನ ಕಿಟಕಿ ಇಳಿಸಿತ್ತು. ಒಳಗೆ ಕೋಟು ಹಾಕಿಕೊಂಡವನೊಬ್ಬ ಖಾಲಿ ಫುಟ್‌ಪಾತಿಗೆ ನಗುತ್ತಾ ಕೈ ಬೀಸುತ್ತಿದ್ದ.

ಮಗು ತಾಯಿಯ ಹೆಗಲಿನಿಂದ ತಲೆ ಎತ್ತಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಕೂಗಿತು.

“ಅಪ್ಪಾ!”