ಐದು ಹಲ್ಲಿನ ಕಣಜ

ಸತ್ತವರು ಜೀವ ಹೋದ ಗಳಿಗೆಯಲ್ಲೇ ಫೋಟೊದಿಂದಲೂ ಮಾಯವಾಗುವುದು ಅಂಬುಜಾಕ್ಷಿಗೆ ಹೊಸದೇನಲ್ಲ. ಮನೆಯಲ್ಲಿ ಅಜ್ಜನ ಖಾಲಿ ಚೌಕಟ್ಟಿಗೇ ಹಬ್ಬಕ್ಕೊಮ್ಮೆ ಹಾರ ಹಾಕುತ್ತಿದ್ದರು. ಅದರ ಕಷ್ಟ ಗೊತ್ತಾದದ್ದು ಧಾರವಾಡದ ಕೀಟ ಸಂಗ್ರಹಾಲಯಕ್ಕೆ ಸೇರಿದ ಮೇಲೆ. ಪರರ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ ಕಣಜಗಳ ಜಾತಿಯನ್ನು ಆಲ್ಬಮ್ಮಿನ ಫೋಟೊ ನೋಡಿಯೇ ಗುರುತಿಸಬೇಕು. ಅವುಗಳ ಆಯುಷ್ಯವೋ ಕೆಲವೇ ವಾರ. ಹೊಸ ಫೋಟೊ ಅಂಟಿಸುತ್ತಲೇ ಇರಬೇಕು.

ಇಂದಂತೂ ಅವಳ ತಲೆ ಕೆಟ್ಟುಹೋಗಿತ್ತು. ನಿನ್ನೆ ಗುಡ್ಡದಲ್ಲಿ ಹಿಡಿದ ಕಣಜ ಸೂಜಿಯ ತುದಿಯಲ್ಲಿ ಹಸಿರು ನೀಲಿಯಾಗಿ ಮಿನುಗುತ್ತಿತ್ತು. ಬಣ್ಣ ಒಂದು ಫೋಟೊವನ್ನು ಹೋಲಿದರೆ ಬೆನ್ನಿನ ಚುಕ್ಕಿ ಇನ್ನೊಂದನ್ನು ಹೋಲುತ್ತಿತ್ತು. ಹೊಟ್ಟೆಯ ತುದಿಯಲ್ಲಿ ಇದರಂತೆ ಐದು ಹಲ್ಲಿರುವ ಕಣಜ ಯಾವ ಫೋಟೊದಲ್ಲೂ ಇರಲಿಲ್ಲ.

"ಹೆಸರು ಸಿಕ್ತೇನ್ರಿ ಮೇಡಮ್ಮಾರ?" ಚಹಾ ತಂದಿಟ್ಟು ಸಹೋದ್ಯೋಗಿ ಕಲ್ಮೇಶ ಕೇಳಿದ.

"ಯಾವುದಕ್ಕೂ ಹೊಂದವಲ್ದ್ರೀ. ಎಲ್ಲಾ ಪುಟ ನೋಡೇನಿ."

"ಖಾಲಿ ಪುಟಾನೂ?"

"ಖಾಲಿ ಪುಟದಾಗ ಏನ್ ನೋಡೂದ್ರೀ?"

ಆದರೂ ತಿರುವಿದಳು. ಐದು ಹಲ್ಲಿನ ಕಣಜ ಎಂಬ ಹೆಸರಿನ ಕೆಳಗೆ ಸಾಲಾಗಿ ಬಿಳಿ ಫೋಟೊಗಳು. ಕೊನೆಯದರ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

ಕಲ್ಮೇಶ ಬಗ್ಗಿ ನೋಡಿದ. "ಇದೆಂಗ್ರೀ? ಆ ಜಾತಿಯಾಗ ಇದೊಂದ ಜೀವಂತ ಉಳದಿತ್ತು. ನಿನ್ನಿ ಮಧ್ಯಾಹ್ನ ನಾನ ಅಂಟಿಸೇನಿ. ಆಗ ಫೋಟೊದಾಗ ಹೂವಿನ ಮ್ಯಾಲೆ ಕುಂತಿತ್ತು."

ಹಲ್ಲು ಎಣಿಸುವಾಗ ಅಲುಗಾಡಬಾರದೆಂದು ಅಂಬುಜಾಕ್ಷಿ ಕಣಜವನ್ನು ಹುಳು ಸಾಯಿಸುವ ಔಷಧದ ಸೀಸೆಗೆ ಹಾಕಿದ್ದು ನಿನ್ನೆ ಸಂಜೆ. ಎಲ್ಲರೂ ಹಾಗೇ ಮಾಡುತ್ತಾರೆ.

ಅವಳು ಮಸೂರ ಹಿಡಿದು ಮತ್ತೆ ಎಣಿಸಿದಳು. ಐದೇ ಇದ್ದವು.

ಇನ್ನು ಹೆಸರು ಬರೆಯಲು ಯಾವ ಗೊಂದಲವೂ ಉಳಿದಿರಲಿಲ್ಲ.