ಕಪ್ಪಿನ ಮೇಲೆ ಕಪ್ಪು

ಕಪ್ಪು ಟೋಪಿ, ಕಪ್ಪು ದಾರ. ಅಶ್ವತ್ಥಮ್ಮನ ಅನುಮಾನ ಶುರುವಾದದ್ದೇ ಅಲ್ಲಿ.

“ಚಿತ್ರ ಏನಣ್ಣ? ಹುಲಿನಾ, ಹೆಸರಾ?”

“ಏನೂ ಬ್ಯಾಡ ತಾಯಿ. ಬರೀ ದಾರ ತುಂಬು. ಟೋಪಿ ಪೂರ್ತಿ. ಬಟ್ಟೆ ಒಂದ್ ಎಳೆನೂ ಕಾಣ್ಬಾರ್ದು,” ಎಂದ ಗಿರಾಕಿ. ಹೆಸರು ಕೋದಂಡಪ್ಪ, ಚಿನ್ನದ ಗಣಿ ಕಡೆಯ ಮಾರಿಕುಪ್ಪಂ ರೈಲಿನಲ್ಲಿ ಬಂದಿದ್ದ.

೧೯೯೬ರ ಬಂಗಾರಪೇಟೆಯಲ್ಲಿ ಕಂಪ್ಯೂಟರಿನಿಂದ ಕಸೂತಿ ಹಾಕುವ ಅಂಗಡಿ ಕುಪ್ಪುಸ್ವಾಮಿಯದೊಂದೇ. ಸೂಜಿ ಎಲ್ಲಿಂದ ಹೊರಡಬೇಕು, ಎತ್ತ ವಾಲಬೇಕು ಎಂದು ಪರದೆಯ ಮೇಲೆ ಗೆರೆ ಎಳೆದು ಹೇಳಿಕೊಡುವವಳು ಅಶ್ವತ್ಥಮ್ಮ. ಟೋಪಿ ಉಬ್ಬಿರುವ ವಸ್ತು. ನಡುವಿನಿಂದ ಹೊರಕ್ಕೆ ಹೊಲಿಯದಿದ್ದರೆ ಸುಕ್ಕು ಬೀಳುತ್ತದೆ. ಕಂಪ್ಯೂಟರಿನ ಮುಂದಿನ ಆ ಕುರ್ಚಿಗಾಗಿ ಅವಳು ಎರಡು ಸಂಬಂಧ ಬಿಟ್ಟಿದ್ದಳು. ಮೂರನೆಯವರು ಭಾನುವಾರ ನೋಡಲು ಬರುವುದಿತ್ತು. ಅವರದೂ ಅದೇ ಷರತ್ತಂತೆ: ಮದುವೆಯಾದರೆ ಕೆಲಸ ಬಿಡಬೇಕು.

“ನಡುವಿಂದ ಬ್ಯಾಡ ತಾಯಿ. ಎಡಕ್ಕೆ ಮೂರು ಬೆರಳು ಸರಿದು ಒಂದು ಗೆರೆ. ಅಲ್ಲಿಂದ ಆಕಡೆ ಈಕಡೆ ಓರೆಯಾಗಿ ಓಗ್ಲಿ. ವಸಿ ಹೊಳಪಿರೋ ದಾರ ಹಾಕು. ಮುಂದಿನ ಮೂತಿ ಕತ್ತರಿಸಿಬಿಡು.”

“ಮೂತಿ ಇಲ್ದಿದ್ರೆ ಬಿಸಿಲಿಗೆ ಏನ್ ಉಪಯೋಗ?”

“ಬಿಸಿಲಿಗಲ್ಲ. ಒಂದು ಗಂಟೆ ಕೆಲ್ಸಕ್ಕೆ. ಯಾರಿಗೂ ಏಳ್ಬ್ಯಾಡ.”

ಅವನು ಹೋದದ್ದೇ ತಡ, ಕುಪ್ಪುಸ್ವಾಮಿ ಬಾಗಿಲು ಮುಂದಕ್ಕೆಳೆದ. “ಚಿನ್ನದ ಪುಡಿ ಕಣಮ್ಮೋ! ದಾರದಡಿ ತುಂಬಿ, ತಲೆ ಮೇಲಿಟ್ಕೊಂಡು ದಾಟಿಸ್ತಾನೆ. ಪೊಲೀಸ್ ಬಂದ್ರೆ ಡಿಸೈನು ನಿಂದು. ನಂಗೇನೂ ಗೊತ್ತಿಲ್ಲ.”

ಮೂವತ್ತೆಂಟು ಸಾವಿರ ಹೊಲಿಗೆ. ಎರಡು ಸೂಜಿ ಮುರಿದವು. ಹೆದರಿಕೆಯಲ್ಲಿ ಗೆರೆಯ ತುದಿಯ ದಾರ ಕತ್ತರಿಸುವುದನ್ನೇ ಮರೆತಳು. ಕೋದಂಡಪ್ಪ ಟೋಪಿಯನ್ನು ಪೇಪರಿನಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು ಹೋದ.

ಭಾನುವಾರ ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದವಳು ಹೊಸ್ತಿಲು ಎಡವಿದಳು. ಚಾಪೆಯ ಮೇಲೆ ಕೋದಂಡಪ್ಪ! ವರನ ಸೋದರಮಾವನಂತೆ. ಅವಳನ್ನು ಕಂಡು ಅವನಿಗೆ ಕಾಫಿ ನೆತ್ತಿಗೇರಿತು. ಸರಿಹೋಯ್ತು, ಕಳ್ಳರ ಮನೆತನ, ಎಂದುಕೊಂಡಳು.

“ನಮ್ಮನೇಲಿ ಸೊಸೆದೀರು ದುಡಿಯಾಕೆ ಓಗಲ್ಲ,” ಎಂದಳು ವರನ ತಾಯಿ ಮುತ್ಯಾಲಮ್ಮ. “ಆ ಮಿಷನ್ನು ಗಿಷನ್ನು ಬಿಟ್ಬುಡ್ಬೇಕು.”

“ಬಿಟ್ಬುಡ್ತಾಳೆ, ಬಿಟ್ಬುಡ್ತಾಳೆ,” ಎಂದ ಅಶ್ವತ್ಥಮ್ಮನ ಅಪ್ಪ, ಮಗಳ ಮುಖ ನೋಡದೆ.

ಅವಳು ಬಗ್ಗಿ ವರನ ಮುಂದೆ ತಟ್ಟೆ ಇಟ್ಟಳು. ವರ ಆದಿನಾರಾಯಣ ನಾಚಿ ತಲೆ ತಗ್ಗಿಸಿದ. ಬಗ್ಗಿದವಳು ಆ ತಲೆಯನ್ನೇ ನೋಡಿದಳು. ಆಮೇಲೆ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

ವರ ಬೆಚ್ಚಿ ನೆಟ್ಟಗೆ ಕೂತ. “ಅವ್ವಾ! ಇವ್ರು ಕೆಲ್ಸ ಬಿಡೋದ್ ಬ್ಯಾಡ. ಸಾಯೋಗಂಟ ಮಾಡ್ಲಿ!”

ಅವಳು ಹೇಳಿದ್ದಿಷ್ಟೇ: “ಬೈತಲೆ ತುದೀಲಿ ದಾರ ಬಿಟ್ಟೈತೆ. ನಾನ್ ಕೆಲ್ಸ ಬಿಟ್ರೆ ನಿಮ್ ಕ್ರಾಪು ಹೊಲಿಯೋರ್ ಯಾರು?”