ಹಸಿ ಡಾಂಬರಿನ ಮೇಲೆ ಮೆಣಸಿನಕಾಯಿ

ಡಾಂಬರಿನ ವಾಸನೆ ಬಂದರೆ ಇವತ್ತಿಗೂ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ, ನಗಬೇಡಿ.

ಕುಪ್ಪೇಲೂರಿನ ನಮ್ಮ ಓಣಿಗೆ ಮೊದಲ ಸಲ ಡಾಂಬರು ಬಿದ್ದ ಮಧ್ಯಾಹ್ನ ಅದು. ಮರುದಿನ ಬ್ಯಾಡಗಿಗೆ ಹೋಗುವ ಲಾರಿ ನಮ್ಮ ಬಾಗಿಲಿಗೇ ಬರುವುದಿತ್ತು, ಮೆಣಸಿನಕಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಜ್ಜಿ ಅಷ್ಟನ್ನೂ ತಂದು ಹೊಸ ರಸ್ತೆಯ ಮೇಲೆ ಹರವಿದಳು.

"ಯವ್ವಾ, ಡಾಂಬರ ಇನ್ನೂ ಹಸಿ ಐತಿ, ಅಂಟ್ಕೋತಾವ!" ಎಂದು ರೋಲರ್ ಓಡಿಸುವವನು ಕೂಗಿದ.

"ನಿಂದೇನ ಗಂಟ ಹೋಗ್ತೈತಿ? ಸುಮ್ನ ನಡಿ," ಎಂದಳು.

ಅರ್ಧ ತಾಸಿಗೇ ಅಂಟಿದವು. ನಾನು ಎಳೆದರೆ ತೊಟ್ಟು ಕೈಗೆ ಬಂತು, ಕಾಯಿ ರಸ್ತೆಗೇ ಉಳಿಯಿತು. ಅಜ್ಜಿಯ ಮುಖ ಸಣ್ಣದಾಯಿತು. ಅವನು ರೋಲರ್ ನಿಲ್ಲಿಸಿ, ನಮ್ಮ ಜೊತೆ ಕುಕ್ಕರಗಾಲಲ್ಲಿ ಕೂತು, ಅಂಟದೆ ಮೇಲೆ ಉಳಿದ ಕಾಯಿಗಳನ್ನು ಸಂಜೆತನಕ ಆರಿಸಿದ. ರಸ್ತೆ ತಿಂದದ್ದು ಒಂದೇ ಬುಟ್ಟಿ, ಲಾರಿಗೆ ಮೂರು ಚೀಲ ಉಳಿದವು.

ಅಜ್ಜಿ ಅವನ ಮುಂದೆ ರೊಟ್ಟಿ, ಕೆಂಪು ಚಟ್ನಿ ಇಟ್ಟಳು.

"ತಿನ್ನೋ ತಮ್ಮಾ. ಹ್ವಾದ ವರ್ಷದ ಕಾಯಿ, ಡಾಂಬರ ಹತ್ತಿಲ್ಲ."